ಸರಿಯುತ್ತರ ಬರೆಯಬೇಕಾದವರು ಯಾರು?

ಹೊಸಕೋಟೆ ತಾಲ್ಲೂಕು ಕಚೇರಿಗೆ ಪಹಣಿ ತಿದ್ದಿಸಲು ಅಲೆದವರಿಗೆ ಗೊತ್ತು, ಒಂದು ಗುಂಟೆ ಹೆಚ್ಚುಕಮ್ಮಿಯಾದರೆ ಏನು ಪಾಡು ಅಂತ. ‘ಭೂಮಿ’ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿ ಕಂಪ್ಯೂಟರ್ ಸೇರಿವೆ. ಇಂಥ ದಾಖಲೆ ಇಡುವ ಸಾಫ್ಟ್‌ವೇರ್ ಸರಿಯಿದೆಯೇ ಎಂದು ನೋಡುವುದು ಹೇಗೆ?

ಒಂದು ಕಡತದಲ್ಲಿ ಪ್ರಶ್ನೆ, ಇನ್ನೊಂದರಲ್ಲಿ ಬರಬೇಕಾದ ಉತ್ತರ. ಪ್ರೋಗ್ರಾಂ ಕೊಟ್ಟದ್ದನ್ನು ಅದರ ಜೊತೆ ಸಾಲುಸಾಲಾಗಿ ತಾಳೆ ನೋಡುತ್ತಾರೆ. ಪೋಸ್ಟ್‌ಗ್ರೆಸ್ ಎಂಬ ಉಚಿತ ಡೇಟಾಬೇಸಿಗೂ ಇದೇ ಪರೀಕ್ಷೆ. ಸಾವಿರಾರು ಸಾಲು ಕೈಯಲ್ಲಿ ಬರೆಯುವುದು ಕಷ್ಟ. ಅದಕ್ಕೆ ಶೆಲ್ ಸ್ಕ್ರಿಪ್ಟ್, ಅಂದರೆ ಕಂಪ್ಯೂಟರಿಗೆ ಕೊಡುವ ಆದೇಶಗಳ ಪಟ್ಟಿ, ಬರೆದು ಪ್ರೋಗ್ರಾಂ ಹೇಳಿದ್ದನ್ನೇ ‘ಸರಿಯುತ್ತರ’ ಎಂದು ಉಳಿಸುವುದುಂಟು.

ಅಪಾಯ ಇರುವುದು ಇಲ್ಲೇ. 2 ಎಕರೆ 10 ಗುಂಟೆಗೆ 1 ಎಕರೆ 35 ಗುಂಟೆ ಕೂಡಿಸಿ. 40 ಗುಂಟೆಗೆ ಒಂದು ಎಕರೆ, ಆದ್ದರಿಂದ 4 ಎಕರೆ 5 ಗುಂಟೆ. ಪ್ರೋಗ್ರಾಂ ಇದನ್ನು ದಶಾಂಶವೆಂದು ತಿಳಿದು 3.45 ಅಂದಿತು ಎನ್ನಿ. ಸ್ಕ್ರಿಪ್ಟ್ ಅದನ್ನೇ ಉಳಿಸಿದರೆ ಪರೀಕ್ಷೆ ದಿನಾ ಪಾಸು! ಹುಡುಗನೇ ಉತ್ತರ ಬರೆದು, ತಾನೇ ಮೌಲ್ಯಮಾಪನ ಮಾಡಿದಂತೆ.

ಸ್ಕ್ರಿಪ್ಟ್ ಬೇಡ ಎನ್ನುತ್ತಿಲ್ಲ. ನಿನ್ನೆ ಬಂದ ಉತ್ತರ ಇಂದು ಬದಲಾಯಿತೇ ಎಂದು ಹಿಡಿಯಲು ಅದು ಬೇಕು. ಆದರೆ ನಿನ್ನೆಯದೇ ತಪ್ಪಾಗಿದ್ದರೆ ಅದು ಹೇಳುವುದಿಲ್ಲ. ‘ಭೂಮಿ’ ಶುರುವಾದಾಗ ತುಂಬಿದ ಮಾಹಿತಿಯನ್ನು ಗ್ರಾಮ ಲೆಕ್ಕಿಗರು ಹಳೇ ಪಹಣಿ ಪುಸ್ತಕದ ಜೊತೆ ತಾಳೆ ನೋಡಿದ್ದರು. ಪರೀಕ್ಷೆಗೂ ಅದೇ ನ್ಯಾಯ ಇರಲಿ. ಗುಂಟೆ, ಖರಾಬು, ಜಂಟಿ ಖಾತೆಯಂಥ ತೊಡಕಿನ ಲೆಕ್ಕಕ್ಕೆ ಉತ್ತರವನ್ನು ನೆಲ ಬಲ್ಲವರೇ ಮೊದಲು ಬರೆಯಲಿ. ಆಮೇಲೆ ಯಂತ್ರ ಬಾಯಿ ಬಿಡಲಿ.