ಯಾವ ಇಸವಿಗೆ ಬಂದಿರಿ?

ಹೊರಗಿನಿಂದ ಬಂದ ನಾವು ಅಹಮದಾಬಾದಿನಲ್ಲಿ ಫ್ಲ್ಯಾಟ್ ಕೊಳ್ಳುವಾಗ ‘ಯಾವ ಇಸವಿಗೆ ಬಂದಿರಿ’ ಅಂತ ಯಾರೂ ಕೇಳುವುದಿಲ್ಲ. ಆ ಪ್ರಶ್ನೆ ಗುಡಿಸಲಿನವರಿಗೆ ಮಾತ್ರ.

ಊರಿನ ನೆಂಟರಿಗೆ ನಾವು ಹೆಮ್ಮೆಯಿಂದ ತೋರಿಸುವ ಸಾಬರಮತಿ ರಿವರ್‌ಫ್ರಂಟ್ ತೆರೆದದ್ದು 2012ರಲ್ಲಿ. ಅಲ್ಲಿ ಸಾವಿರಾರು ಗುಡಿಸಲುಗಳಿದ್ದವು. ಅವರು 2005ರಲ್ಲಿ ಹೈಕೋರ್ಟಿಗೆ ಹೋದರು. ಅನೇಕರಿಗೆ ಬದಲಿ ಮನೆ ದಕ್ಕಿತು. ಉಳಿದವರಲ್ಲಿ ಕೆಲವರನ್ನು ಊರಾಚೆಯ ಪಿಪಳಜ್‌ನ ಬಯಲಿಗೆ ಸಾಗಿಸಿದರು. 2025ರಲ್ಲಿ ಚಂಡೋಲಾ ಕೆರೆಯಂಗಳಕ್ಕೆ ಬುಲ್ಡೋಜರ್ ಬಂದಾಗಲೂ ಅದೇ ಮಾತು: 2010ರ ಡಿಸೆಂಬರ್ 1ಕ್ಕೆ ಮೊದಲೇ ಇದ್ದಿರಾ? ಕಾಗದ ತನ್ನಿ.

ಸುಳ್ಳು ಅರ್ಜಿಗಳೂ ಬರುತ್ತವಲ್ಲ ಅನ್ನುತ್ತೀರಿ. ಬರಲಿ, ಪರಿಶೀಲಿಸಿ. ಆದರೆ ಕೆಡವುವ ಮೊದಲು, ಮನೆಮನೆಗೆ ಹೋಗಿ. ಕೆಡವಿದ ಮೇಲೆ ಕೇಳಿದರೆ ಕಾಗದವೂ ಗುಡಿಸಲಿನ ಜೊತೆ ಮಣ್ಣಾಗಿರುತ್ತದೆ. ಇದೇ ನಗರದ ರಾಖಿಯಾಲ್ ರಸ್ತೆಯ ಮೊಕದ್ದಮೆಯಲ್ಲಿ, ಬಡವರಿಗೆ ಸೂರು ಒದಗಿಸುವುದು ಸರ್ಕಾರದ ಕರ್ತವ್ಯ ಎಂದು 1996ರಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು. ಕರ್ತವ್ಯ ಸರ್ಕಾರದ್ದಾದರೆ, ಪುರಾವೆಯ ಹೊರೆ ಬಡವನ ತಲೆಗೇಕೆ?

ಇದು ಗುಜರಾತಿನವರ ರಗಳೆ ಅಂತ ಪುಟ ತಿರುವಬೇಡಿ. 2013ರ ಜನವರಿಯ ಚಳಿಯಲ್ಲಿ ನಿಮ್ಮ ಬೆಂಗಳೂರಿನ ಈಜೀಪುರದಲ್ಲೂ ಬಡವರ ಸೂರು ಕೆಡವಲಾಯಿತು. ಮೊದಲು ಹೊಸ ಮನೆಯ ಬೀಗದ ಕೈ, ಆಮೇಲೆ ಬುಲ್ಡೋಜರ್. ಅಲ್ಲೂ ಇಲ್ಲೂ ಕೇಳಬೇಕಾದದ್ದು ಇಷ್ಟೇ.