ಮಲತಾಯಿಯೆಂಬ ಒಂದೇ ಅಪರಾಧಕ್ಕೆ

ಕಳೆದ ತಿಂಗಳು ನಮ್ಮೂರಿನ ಸಭೆಯೊಂದರಲ್ಲಿ ಹಿರಿಯ ಭಾಷಣಕಾರರೊಬ್ಬರು ಪ್ರಾಚೀನ ಈಜಿಪ್ಟಿನ ರಾಣಿ ಹ್ಯಾಟ್‌ಶೆಪ್ಸುಟ್‌ಳ ಕಥೆಯನ್ನು ಬಹು ಸೊಗಸಾಗಿ ಹೇಳಿದರು. ಅಧಿಕಾರದಾಹದ ಮಲತಾಯಿ, ಎಳೆಯ ಮಲಮಗನ ಸಿಂಹಾಸನವನ್ನು ಕಸಿದುಕೊಂಡಳು, ಆಕೆ ಸತ್ತೊಡನೆ ಆ ಮಗ ಕಲ್ಲುಗಳ ಮೇಲಿದ್ದ ಆಕೆಯ ಹೆಸರನ್ನು ಕೆತ್ತಿಸಿ ತೆಗೆದು ಸೇಡು ತೀರಿಸಿಕೊಂಡನು. ಸಭೆ ಚಪ್ಪಾಳೆ ತಟ್ಟಿತು. ನಾನು ತಟ್ಟಲಿಲ್ಲ. ಕಥೆ ಸೊಗಸಾದುದೇ, ನಿಜವಲ್ಲ, ಅಷ್ಟೆ.

ಭಾಷಣಕಾರರನ್ನೊಬ್ಬರನ್ನೇ ದೂಷಿಸಿ ಫಲವಿಲ್ಲ. ದೊಡ್ಡ ಪಂಡಿತರೇ ಈ ಕಥೆಯನ್ನು ಹೇಳಿಕೊಂಡು ಬಂದಿದ್ದಾರೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದ ವಿಲಿಯಂ ಹೇಯ್ಸ್ 1959ರಲ್ಲಿಯೂ ಆಕೆಯನ್ನು ನೀತಿ ನಿಯಮಗಳಿಲ್ಲದ ಮಹತ್ವಾಕಾಂಕ್ಷಿಯೆಂದೇ ಚಿತ್ರಿಸಿದರು. ಪಂಡಿತರು ಹೇಳಿದರೆಂದ ಮಾತ್ರಕ್ಕೆ ಕಲ್ಲು ತನ್ನ ಸಾಕ್ಷ್ಯವನ್ನು ಬದಲಿಸುವುದಿಲ್ಲವಷ್ಟೆ!

ಆಕೆ ಒಂದನೆಯ ಥುಟ್ಮೋಸನ ಮಗಳು, ಎರಡನೆಯ ಥುಟ್ಮೋಸನ ಪಟ್ಟದ ರಾಣಿ. ಕ್ರಿ. ಪೂ. 1479ರ ಸುಮಾರಿನಲ್ಲಿ ಗಂಡ ತೀರಿಕೊಂಡಾಗ, ಇನ್ನೊಬ್ಬ ಪತ್ನಿಯ ಮಗನಾದ ಮೂರನೆಯ ಥುಟ್ಮೋಸ್ ಇನ್ನೂ ಚಿಕ್ಕ ಮಗು. ಆತನ ಪರವಾಗಿ ಆಡಳಿತ ವಹಿಸಿಕೊಂಡವಳು ಏಳನೆಯ ವರ್ಷದ ಹೊತ್ತಿಗೆ ತಾನೇ ದೊರೆಯೆಂದು ಘೋಷಿಸಿಕೊಂಡಳು. ಇದು ನಿಜ, ನಾನು ಮುಚ್ಚಿಡುವುದಿಲ್ಲ. ಆದರೆ ಹುಡುಗನನ್ನು ಕೊಲ್ಲಿಸಲಿಲ್ಲ, ಪಟ್ಟದಿಂದ ಇಳಿಸಲೂ ಇಲ್ಲ. ತನ್ನ ಆಳ್ವಿಕೆಯ ವರ್ಷಗಳನ್ನು ಎಣಿಸಿದ್ದು ಆತ ಪಟ್ಟಕ್ಕೆ ಬಂದಂದಿನಿಂದ! ಮನೆ ದೋಚುವ ಕಳ್ಳ ಲೆಕ್ಕದ ಪುಸ್ತಕವನ್ನು ಯಜಮಾನನ ಹೆಸರಿನಲ್ಲಿಯೇ ಮುಂದುವರಿಸುವುದುಂಟೆ?

ಇನ್ನು ಆಕೆ ಆಳಿದ ಬಗೆ. ಒಂಬತ್ತನೆಯ ವರ್ಷದಲ್ಲಿ ಪುಂಟ್ ದೇಶಕ್ಕೆ ಹೋದ ಹಡಗುಗಳು ಸುಗಂಧದ ಮರಗಳನ್ನು ಬೇರುಸಹಿತ ಹೊತ್ತು ತಂದುವು. ದೇರ್ ಎಲ್ ಬಹ್ರಿಯ ದೇವಾಲಯದ ಗೋಡೆಗಳಲ್ಲಿ ಆ ದೃಶ್ಯ ಇಂದಿಗೂ ಉಂಟು. ಕಾರ್ನಾಕಿನಲ್ಲಿ ನಿಲ್ಲಿಸಿದ ಏಕಶಿಲಾಸ್ತಂಭ ಸುಮಾರು 29 ಮೀಟರು ಎತ್ತರ, ಮುನ್ನೂರು ಟನ್ನಿಗೂ ಮಿಕ್ಕಿದ ಭಾರ. ಬಂಡೆಯಿಂದ ಅದನ್ನು ಬಿಡಿಸಲು ಏಳೇ ತಿಂಗಳು ಹಿಡಿಯಿತೆಂದು ಅದರ ಪೀಠದ ಶಾಸನ ಹೇಳುತ್ತದೆ. ಕ್ರಿ. ಪೂ. 1458ರ ಸುಮಾರಿನಲ್ಲಿ ಆಕೆ ತೀರಿಕೊಂಡ ಕೆಲವೇ ತಿಂಗಳಲ್ಲಿ ಥುಟ್ಮೋಸ್ ಮೆಗಿದ್ದೋವಿನತ್ತ ದಂಡೆತ್ತಿ ಹೋಗಿ ಗೆದ್ದನು. ಬರಿದಾದ ಬೊಕ್ಕಸ, ಸೊರಗಿದ ಸೈನ್ಯ ಇವನ್ನು ನೆಚ್ಚಿ ಯಾರೂ ಹಾಗೆ ಹೊರಡಲಾರರು.

ಉಳಿದದ್ದು ಸೇಡಿನ ಮಾತು. ಹೆಸರನ್ನು ಅಳಿಸುವ ಕೆಲಸ ನಡೆದದ್ದು ಥುಟ್ಮೋಸನ ನಲವತ್ತೆರಡನೆಯ ವರ್ಷದ ನಂತರವೆಂದು ಚಾರ್ಲ್ಸ್ ನಿಮ್ಸ್ 1966ರಲ್ಲಿಯೇ ತೋರಿಸಿಕೊಟ್ಟರು. ಎಂದರೆ ಆಕೆ ಸತ್ತು ಇಪ್ಪತ್ತು ವರ್ಷವಾದ ಮೇಲೆ! ಸೇಡಿನಿಂದ ಕುದಿಯುವವನು ಇಪ್ಪತ್ತು ವರ್ಷ ಉಳಿ ಹಿಡಿದು ಕಾಯುತ್ತಾನೆಯೆ? ಮಗ ಎರಡನೆಯ ಅಮೆನ್‌ಹೋಟೆಪನ ಹಕ್ಕನ್ನು ಭದ್ರಪಡಿಸುವುದಕ್ಕೆ ಹೀಗೆ ಮಾಡಿರಬಹುದೆಂಬುದು ಹಲವರ ಮತ. ಒಡೆದ ಪ್ರತಿಮೆಗಳಲ್ಲಿಯೂ ಎಷ್ಟೋ ಮುಖಗಳಿಗೆ ಏಟು ಬಿದ್ದಿಲ್ಲ; ಕತ್ತು, ಸೊಂಟ, ಮಂಡಿಗಳಲ್ಲಿ ಮುರಿದಿರುವುದು ಪ್ರತಿಮೆಯ ಶಕ್ತಿಯನ್ನು ತೆಗೆಯುವ ಅಲ್ಲಿನ ವಿಧಿಯೆಂದು 2025ರ ಅಧ್ಯಯನವೊಂದು ವಾದಿಸಿದೆ.

ನಾನು ಕನ್ನಡದ ಮೇಷ್ಟ್ರು. ನನಗೆ ಹತ್ತಿರವಾದ ಸಾಕ್ಷಿ ವ್ಯಾಕರಣ. 1829ರಲ್ಲಿ ಶಾಂಪೋಲಿಯೋ ದೇರ್ ಎಲ್ ಬಹ್ರಿಗೆ ಹೋದಾಗ ಗಡ್ಡ ಧರಿಸಿದ ಅರಸನೊಬ್ಬನ ಚಿತ್ರ ಕಂಡಿತು. ಪಕ್ಕದ ಬರಹದಲ್ಲಿ ಮಾತ್ರ ಸ್ತ್ರೀಲಿಂಗದ ಪ್ರತ್ಯಯಗಳು! ಅವರು ಬೆಕ್ಕಸಬೆರಗಾದರು. ಉಳಿಗಾರರು ಹೆಸರನ್ನು ಕೆತ್ತಿ ತೆಗೆದರು, ಪ್ರತ್ಯಯವನ್ನು ಮರೆತರು. ಹೆಣ್ಣೊಬ್ಬಳು ಆಳಿದಳೆಂಬುದನ್ನು ಅಷ್ಟು ಚಿಕ್ಕ ಅಕ್ಷರ ಕಾಪಾಡಿತು.

ಅಣ್ಣನ ಪಟ್ಟವನ್ನು ತಮ್ಮ ಕಸಿದರೆ ಅದು ರಾಜಕಾರಣ. ಹೆಣ್ಣು ಪಟ್ಟವೇರಿದರೆ ಅದು ಮನೆಜಗಳ. ಕೈಕೇಯಿಯ ಅಳತೆಗೋಲನ್ನು ಹಿಡಿದುಕೊಂಡೇ ನಾವು ನೈಲ್ ನದಿಯ ದಡಕ್ಕೂ ಹೋಗುತ್ತೇವೆ. ಮಹನೀಯರಲ್ಲಿ ನನ್ನ ವಿನಂತಿ ಇಷ್ಟೆ: ಮುಂದಿನ ಭಾಷಣದಲ್ಲಿ ‘ಆಳಿದಳು’ ಎಂದು ಹೇಳಿ ನಿಲ್ಲಿಸಿರಿ. ನಮ್ಮ ಕನ್ನಡದ ಆ ಒಂದು ಕ್ರಿಯಾಪದದಲ್ಲಿ ಹೆಣ್ಣೂ ಇದ್ದಾಳೆ, ದೊರೆತನವೂ ಇದೆ. ಅದರ ಹಿಂದೆ ‘ಮಲತಾಯಿ’ಯೆಂಬ ವಿಶೇಷಣ ಬೇಕಾಗಿಲ್ಲ.