ಷರೀಫಜ್ಜನ 'ಒರಿಜಿನಲ್' ಎಲ್ಲಿದೆ ಸ್ವಾಮಿ?

ಮತ್ತೆ ಅದೇ ಹಳೇ ರಾಗ ಶುರುವಾಗಿದೆ. ಯಾರಾದರೂ ಗಿಟಾರ್ ಹಿಡಿದು ಶಿಶುನಾಳ ಷರೀಫರ ಪದ ಹಾಡಿದರೆ ಸಾಕು, "ಒರಿಜಿನಲ್ ಕೆಡಿಸಿಬಿಟ್ಟರು", "ಅಶ್ವಥ್ ಇದ್ದಿದ್ದರೆ ಏನು ಅಂದ್ಕೋತಿದ್ರೋ" ಅಂತ ಗೋಳು. ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಂನಲ್ಲಿ 'ಗುಡುಗುಡಿ' ಪದ ಹಾಡಿದ್ದಕ್ಕೆ ಇವತ್ತಿಗೂ ಮುಖ ಗಂಟಿಕ್ಕುವವರಿದ್ದಾರೆ. ಹಳೇ ಕ್ಯಾಸೆಟ್ಟುಗಳ ಸುವರ್ಣಯುಗ ಅಂತ ಯಾರಾದರೂ ಪಟ್ಟಿ ಮಾಡಲಿ, ಕೊನೆಯಲ್ಲಿ ಈಗಿನವರಿಗೆ ಒಂದು ಶಾಪ ಇದ್ದೇ ಇರುತ್ತೆ.

ನಾನು ಹಾನಗಲ್ಲ ಕಡೆಯವನು. ಷರೀಫರ ಶಿಶುವಿನಹಾಳ ಇರೋದು ನಮ್ಮ ಪಕ್ಕದ ಶಿಗ್ಗಾಂವಿ ತಾಲೂಕಿನಲ್ಲಿ. ಹಾಗಾಗಿ ಒಂದು ಪ್ರಶ್ನೆ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀವು ಹೇಳೋ ಆ 'ಒರಿಜಿನಲ್' ಕೇಳಿದವರು ಯಾರು?

ಷರೀಫರು ಹುಟ್ಟಿದ್ದು 1819ರಲ್ಲಿ, ದೇಹ ಬಿಟ್ಟಿದ್ದು 1889ರಲ್ಲಿ. ಗ್ರಾಮಫೋನ್ ಕಂಪನಿಯವರು ಕಲ್ಕತ್ತೆಗೆ ಬಂದು ನಮ್ಮ ದೇಶದ ಹಾಡುಗಳನ್ನ ಮುದ್ರಿಸಿಕೊಳ್ಳೋಕೆ ಶುರು ಮಾಡಿದ್ದು 1902ರಲ್ಲಿ. ನಡುವೆ ಹದಿಮೂರು ವರ್ಷ! ಗುರು ಗೋವಿಂದ ಭಟ್ಟರ ಎದುರು ಅಜ್ಜ ಯಾವ ಧಾಟಿಯಲ್ಲಿ ಹಾಡಿದ ಅನ್ನೋದಕ್ಕೆ ತಟ್ಟೆಯಿಲ್ಲ, ಟೇಪಿಲ್ಲ. ಇದ್ದದ್ದು ಬಾಯಿಂದ ಬಾಯಿಗೆ ದಾಟಿ ಬಂದ ಭಜನಿ ಪದ ಮಾತ್ರ.

ಹಾಗಾದರೆ ನಮ್ಮ ಕಿವಿಯಲ್ಲಿ ಕೂತಿರೋ 'ಕೋಡಗನ ಕೋಳಿ' ಯಾವುದು? ಸಿ. ಅಶ್ವಥ್ ಅವರದ್ದು. ಅವರ ಕ್ಯಾಸೆಟ್ಟುಗಳು, ಆಮೇಲೆ 1990ರಲ್ಲಿ ನಾಗಾಭರಣರ 'ಸಂತ ಶಿಶುನಾಳ ಷರೀಫ' ಸಿನಿಮಾ. ಅಶ್ವಥ್ ದೊಡ್ಡವರು, ಅದರಲ್ಲಿ ಎರಡು ಮಾತಿಲ್ಲ. ಅವರಿಲ್ಲದಿದ್ದರೆ ಮಂಗಳೂರು, ಮಡಿಕೇರಿಯವರಿಗೆ ನಮ್ಮ ಅಜ್ಜನ ಪದ ಇಷ್ಟು ಬಾಯಿಪಾಠ ಆಗ್ತಿತ್ತಾ? ಆದರೆ ಅವರು ಮಾಡಿದ್ದೂ ಹೊಸ ಸಂಯೋಜನೆಯೇ ತಾನೆ? ಸ್ಟುಡಿಯೋದಲ್ಲಿ ಕೂತು, ವಾದ್ಯಗಳನ್ನ ಸೇರಿಸಿ, ಕ್ಯಾಸೆಟ್ಟಿನ ಒಂದು ಬದಿಗೆ ನಾಲ್ಕೈದು ಪದ ಹಿಡಿಯೋ ಹಾಗೆ ಅಳತೆ ಮಾಡಿ ಹಾಡಿದ್ದು. ಅವರು ತಮ್ಮ ಕಾಲಕ್ಕೆ ಮಾಡಿದ್ದನ್ನೇ ರಘು ದೀಕ್ಷಿತ್ ತಮ್ಮ ಕಾಲಕ್ಕೆ ಮಾಡಿದರು. ಒಬ್ಬರದ್ದು ಪರಂಪರೆ, ಇನ್ನೊಬ್ಬರದ್ದು ಅಪಚಾರ ಅಂದರೆ ಹೇಗೆ?

ಹೊರಗಿನವರ ಕಥೆ ನೋಡಿ. 'ಹೌಸ್ ಆಫ್ ದಿ ರೈಸಿಂಗ್ ಸನ್' ಅಂದ ಕೂಡಲೇ 1964ರಲ್ಲಿ ಇಂಗ್ಲೆಂಡು, ಅಮೆರಿಕ ಎರಡೂ ಕಡೆ ಮೊದಲ ಸ್ಥಾನಕ್ಕೇರಿದ ಆನಿಮಲ್ಸ್ ತಂಡ ನೆನಪಾಗುತ್ತೆ. ಆದರೆ 1937ರಲ್ಲೇ ಅಲನ್ ಲೋಮ್ಯಾಕ್ಸ್ ಕೆಂಟುಕಿಯ ಮಿಡಲ್ಸ್‌ಬರೋ ಊರಿಗೆ ಹೋಗಿ, ಗಣಿ ಕೂಲಿಯ ಮಗಳು ಜಾರ್ಜಿಯಾ ಟರ್ನರ್ ಬಾಯಲ್ಲಿ ಅದನ್ನ ಮುದ್ರಿಸಿಕೊಂಡಿದ್ದ. ಲೆಡ್ ಜೆಪ್ಲಿನ್ 1971ರ ಆಲ್ಬಂನಲ್ಲಿ ಅಬ್ಬರಿಸಿದ 'ವೆನ್ ದಿ ಲೆವೀ ಬ್ರೇಕ್ಸ್' ಹಾಡಿನದ್ದೂ ಇದೇ ಕಥೆ, 1929ರ ಮೆಂಫಿಸ್ ಮಿನ್ನಿ ದಂಪತಿಯ ಮೂಲ ತಟ್ಟೆ ಇವತ್ತಿಗೂ ಕೇಳೋಕೆ ಸಿಗುತ್ತೆ. ರಾಕ್ ಬಂತು ಅಂತ ಹಳೇದು ಸಾಯಲಿಲ್ಲ. ಯಾಕಂದರೆ ಹಳೇದನ್ನ ಮೊದಲೇ ಯಾರೋ ಎತ್ತಿಟ್ಟಿದ್ದರು.

ನಮ್ಮಲ್ಲಿ? ಇಲ್ಲಿದೆ ನೋಡಿ ನನ್ನ ಅಸಲಿ ಸಿಟ್ಟು.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ಹಳ್ಳಿಗಳಲ್ಲಿ ಅಮಾಸಿಗೆ, ಶ್ರಾವಣ ಸೋಮವಾರಕ್ಕೆ ಗುಡಿಯಲ್ಲಿ ಭಜನಿ ಕೂಡ್ತಾರೆ. ಏಕತಾರಿ, ದಮ್ಮಡಿ, ತಾಳ, ಒಂದು ಹಳೇ ಹಾರ್ಮೋನಿಯಂ. ಮುಂದಿನವ ಒಂದು ಸಾಲು ಎತ್ತಿದರೆ ಹಿಂದಿನವರು ಹಿಡೀತಾರೆ. ಗಡಿಯಾರದ ಹಂಗಿಲ್ಲ, ಒಂದೇ ಪದ ಅರ್ಧ ತಾಸು ನಡೆದರೂ ಆಯ್ತು. ಊರಿಗೊಂದು ಧಾಟಿ. ನಾನೇ ಕೇಳಿದ ಹಾಗೆ 'ಸೋರುತಿಹುದು' ಒಂದೂರಲ್ಲಿ ಅಳು ಬರೋ ಹಾಗಿದ್ದರೆ, ನಾಲ್ಕು ಮೈಲಿ ಆಚೆ ನಗು ಬರೋ ಹಾಗೆ ಕುಣೀತಿತ್ತು. ಈಗ ಬಹಳಷ್ಟು ಕಡೆ ಹುಡುಗರು ಹಾಡೋದು ಕ್ಯಾಸೆಟ್ಟಿನ ಧಾಟಿಯನ್ನೇ, ಆ ನಡುವಿನ ಕೊಳಲಿನ ತುಣುಕನ್ನೂ ಬಾಯಲ್ಲೇ ನುಡಿಸಿ :)

ಒಂದು ಭಜನಿ ಸ್ಪರ್ಧೆಗೆ ಹೋಗಿದ್ದೆ, ಊರಿನ ಹೆಸರು ಬೇಡ. ಹಿರೇಕೆರೂರು ಕಡೆಯ ವಯಸ್ಸಾದವರ ಮೇಳವೊಂದು ತಮ್ಮ ಹಳೇ ಧಾಟಿಯಲ್ಲೇ ಹಾಡಿತು. ತೀರ್ಪುಗಾರರು "ಮೂಲ ಧಾಟಿ ತಪ್ಪಿದೆ" ಅಂತ ಅಂಕ ಕತ್ತರಿಸಿದರು. ಅವರ ಪಾಲಿಗೆ ಮೂಲ ಅಂದರೆ ಕ್ಯಾಸೆಟ್ಟು! ಮೇಳದ ಮುಂದಾಳು ತಾಳ ಚೀಲಕ್ಕೆ ಹಾಕ್ಕೋತಾ ಅಂದದ್ದು ಇಷ್ಟೇ: "ನಮ್ಮಜ್ಜ ಕ್ಯಾಸೆಟ್ ಕೇಳಿದ್ದಿಲ್ರೀ, ತಪ್ಪು ಅವಂದ ಐತಿ."

ಈಗ ಹೇಳಿ, ಷರೀಫರನ್ನ ಕೆಡಿಸಿದ್ದು ಯಾರು? ಗಿಟಾರಾ, ಅಥವಾ ಒಂದೇ ಧಾಟಿ ಸರಿ, ಉಳಿದದ್ದೆಲ್ಲ ತಪ್ಪು ಅನ್ನೋ ಈ 'ಒರಿಜಿನಲ್' ಭಕ್ತಿಯಾ? ಗಿಟಾರ್ ಹಿಡಿದವನು ಇನ್ನೊಂದು ಧಾಟಿ ಸೇರಿಸ್ತಾನೆ. ನೀವು ಇರೋ ಹತ್ತರಲ್ಲಿ ಒಂಬತ್ತನ್ನ ಅಳಿಸ್ತೀರಿ.

ಹಾಗಂತ ಬಡಿದದ್ದೆಲ್ಲ ಸಂಗೀತ ಅಂತಾನೂ ಅಲ್ಲ. ಡ್ರಮ್ಮಿನ ಸದ್ದಿಗೆ ಪದ ಮುಚ್ಚಿಹೋದರೆ ನಾನೂ ಬಯ್ತೀನಿ. ತತ್ವಪದದಲ್ಲಿ ಮಾತೇ ಕೇಳದಿದ್ದರೆ ಉಳಿಯೋದೇನು? ಆದರೆ ಆ ಪರೀಕ್ಷೆ ಎಲ್ಲರಿಗೂ ಒಂದೇ ಇರಲಿ. ನಾಲ್ಕು ಪಿಟೀಲಿನ ಅಡಿಯಲ್ಲಿ ಮಾತು ಮುಚ್ಚಿಹೋದ ಹಳೇ ಕ್ಯಾಸೆಟ್ಟುಗಳೂ ನಮ್ಮಲ್ಲಿ ಬೇಕಾದಷ್ಟಿವೆ.

ಗೆಳೆಯರೇ, ಮುಂದಿನ ಸಲ ಊರಿಗೆ ಹೋದಾಗ ಒಂದು ಕೆಲಸ ಮಾಡಿ. ಅಮಾಸಿ ರಾತ್ರಿ ಗುಡಿ ಕಟ್ಟೆ ಮೇಲೆ ಕೂತು, ಮೇಳದವರ ಒಪ್ಪಿಗೆ ಕೇಳಿ, ಮೊಬೈಲಿನಲ್ಲಿ ಒಂದು ಪದ ಪೂರ್ತಿ ತುಂಬಿಕೊಳ್ಳಿ. ಹಾಡಿದವರು ಯಾರು, ಯಾವ ಊರು, ಯಾರಿಂದ ಕಲಿತರು, ಯಾವ ತಾರೀಖು, ಇಷ್ಟು ಬರೆದಿಡಿ. ಲೋಮ್ಯಾಕ್ಸ್ ಭಾರದ ಯಂತ್ರವನ್ನ ಕಾರಿನಲ್ಲಿ ಹೊತ್ತು ಊರೂರು ಅಲೆದ. ನಮ್ಮ ಯಂತ್ರ ಜೇಬಿನಲ್ಲೇ ಇದೆ.

ಅದಾದ ಮೇಲೆ ಗಿಟಾರಿಗೆ ಬಯ್ಯಬೇಕು ಅನ್ನಿಸಿದರೆ ಬಯ್ಯಿರಿ, ನಾನೂ ಕೂತು ಕೇಳ್ತೀನಿ.